ಬೆಚ್ಚಗಿನ ಗೋಡೆಯ ಆ ಕಡೆ

ನಮ್ಮ ಭಾವನವರಿಗೆ ಗೊತ್ತಿಲ್ಲದ ವಿಷಯ ಒಂದಿದ್ದರೆ ಅದು ವಿಷಯವೇ ಅಲ್ಲ. ನಮ್ಮವರ ಅಣ್ಣ ಇವರು, ಭೌತಶಾಸ್ತ್ರದ ಉಪನ್ಯಾಸಕರಾಗಿ ನಿವೃತ್ತರಾಗಿ ಯಳಂದೂರಿನಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ನಿವೃತ್ತಿ ಕೆಲಸಕ್ಕೆ ಮಾತ್ರ, ಪಾಠಕ್ಕಲ್ಲ. ಕಾಫಿ ಕೊಟ್ಟರೆ, ಸ್ಟೀಲ್ ಲೋಟದಲ್ಲಿ ಕಾಫಿ ಏಕೆ ಬೇಗ ಆರುತ್ತದೆ ಎಂದು ವಿವರಿಸುತ್ತಾರೆ. ವಿವರಣೆ ಮುಗಿಯುವಷ್ಟರಲ್ಲಿ ಅದು ನಿಜಕ್ಕೂ ಆರಿರುತ್ತದೆ. ಆಗ ಲೋಟವನ್ನು ಎರಡು ಬೆರಳಿನಿಂದ ನನ್ನತ್ತ ತಳ್ಳಿ, "ಸ್ವಲ್ಪ ಬಿಸಿ ಮಾಡ್ತೀಯೇನಮ್ಮ" ಎನ್ನುತ್ತಾರೆ. ಶಾಖದ ಬಗ್ಗೆ ಅಷ್ಟೆಲ್ಲ ಬಲ್ಲವರು ಗ್ಯಾಸ್ ಒಲೆ ಹಚ್ಚಿದ್ದನ್ನು ಮಾತ್ರ ನಾನು ನೋಡಿಲ್ಲ.

ಹೋದ ಸಲ ಅವರೆಕಾಯಿ ಕಾಲದಲ್ಲಿ ಅವರು ಕೊಳ್ಳೇಗಾಲದ ನಮ್ಮ ಮನೆಗೆ ಬಂದು ಇಳಿದದ್ದೂ ಅದೇ ಕಾರಣಕ್ಕೆ. ಹನೂರಿನಲ್ಲಿ ಭಾವನವರ ಹೆಂಡತಿ, ಅಂದರೆ ನಾನು ಅಕ್ಕ ಎಂದು ಕರೆಯುವ ನಮ್ಮ ಓರಗಿತ್ತಿಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಕ್ಕ ಅವರನ್ನು ನೋಡಿಕೊಳ್ಳಲು ಹೋದರು. ಹೆಂಡತಿ ಇಲ್ಲದ ಮನೆಯಲ್ಲಿ ಭಾವನವರಿಗೆ ಅನ್ನ ಎಲ್ಲಿಂದ ಬರುತ್ತದೆ ಎಂಬುದೊಂದು ಬಗೆಹರಿಯದ ಪ್ರಶ್ನೆಯಾಯಿತು. ಅದೇ ವಾರ ಅವರ ಒಬ್ಬಳೇ ಮಗಳು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ನಮ್ಮಲ್ಲಿಗೇ ಬಂದಳು. ಅಲ್ಲಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಖಗೋಳ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಕೊನೆಯ ಅಧ್ಯಾಯ ಬರೆಯಬೇಕಿತ್ತು, ಹಾಸ್ಟೆಲಿನಲ್ಲಿ ಗಲಾಟೆ, ಚಿಕ್ಕಮ್ಮನ ಮನೆಯಾದರೆ ಶಾಂತವಾಗಿರುತ್ತದೆ ಎಂದುಕೊಂಡಿದ್ದಳು ಪಾಪ. ಅಪ್ಪ ಮೊದಲೇ ಬಂದು ಕೂತಿರುವುದು ಅವಳಿಗೆ ಗೊತ್ತಿರಲಿಲ್ಲ.

ಅವಳ ಕೆಲಸವೇನೆಂದು ನನಗೆ ತಿಳಿದದ್ದು ಹಿತಕವರೆಗೆ ಕಾಳು ಹಿತುಕುತ್ತ ಕೂತಾಗ. ಅವಳೂ ಬಟ್ಟಲು ಎಳೆದುಕೊಂಡು ಎದುರು ಕೂತಳು. ಅವಳ ಎಡಗೈ ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ಮೊಂಡಾಗಿತ್ತು. ಕಾಳನ್ನು ಒತ್ತಿದರೆ ಸಿಪ್ಪೆಯೊಂದು ಕಡೆ, ಬೇಳೆ ಇನ್ನೊಂದು ಕಡೆ ಹಾರುತ್ತಿತ್ತು.

"ಚಿಕ್ಕಮ್ಮ, ದೊಡ್ಡ ಗೆಲಾಕ್ಸಿಗಳ ನಡುಮಧ್ಯ ಒಂದು ಭಾರೀ ಕಪ್ಪುರಂಧ್ರ ಇರುತ್ತೆ. ಕೆಲವು ಸುಮ್ಮನೆ ಮಲಗಿರ್ತವೆ. ಕೆಲವು ಸುತ್ತಲಿನ ಅನಿಲ ನುಂಗ್ತಾ ಇರ್ತವೆ. ನುಂಗೋ ಮೊದಲು ಅದು ಕಾದು ಕಾದು ಉರಿಯುತ್ತಲ್ಲ, ಇಡೀ ಗೆಲಾಕ್ಸಿಗಿಂತ ಜಾಸ್ತಿ ಬೆಳಕು. ಅದಕ್ಕೆ ಸಕ್ರಿಯ ಕೇಂದ್ರ ಅಂತೀವಿ."

"ಅಷ್ಟು ಬೆಳಕಿದ್ದರೆ ಹುಡುಕೋದೇನು ಬಂತು?"

"ಸುತ್ತ ದಟ್ಟ ಧೂಳು ಇದ್ರೆ? ಬೆಳಕು ಹೊರಗೆ ಬರೋದೇ ಇಲ್ಲ. ಆದ್ರೆ ಆ ಧೂಳು ಕಾಯುತ್ತೆ. ಕಾದ ಧೂಳಿನ ಶಾಖ ಅವಗೆಂಪು ಬೆಳಕಾಗಿ ಬರುತ್ತೆ, ಕಣ್ಣಿಗೆ ಕಾಣಲ್ಲ, ಅದಕ್ಕೆ ಬೇರೆ ದೂರದರ್ಶಕ ಬೇಕು. ಕೇಂದ್ರದ ಹತ್ತಿರದಿಂದಲೇ ಹೊರಡೋ ಎಕ್ಸ್-ರೇ ಧೂಳನ್ನ ತೂರಿಕೊಂಡು ಬರುತ್ತೆ. ನಮ್ಮ ಮಾಂಸ ತೂರಿ ಮೂಳೆ ತೋರಿಸಲ್ವಾ, ಹಾಗೆ. ಒಂದು ಕಡೆ ಶಾಖ, ಒಂದು ಕಡೆ ಎಕ್ಸ್-ರೇ, ಎರಡೂ ಸಿಕ್ಕರೆ ಕಳ್ಳ ಸಿಕ್ಕಿದ ಹಾಗೆ."

"ಎಕ್ಸ್-ರೇನೂ ತೂರಲಾರದಷ್ಟು ದಪ್ಪ ಇದ್ದರೆ?"

ಅವಳು ಬಟ್ಟಲು ಕೆಳಗಿಟ್ಟು ನಕ್ಕಳು. "ಅದೇ ಕಣೇ ಚಿಕ್ಕಮ್ಮ ನನ್ನ ಕೊನೇ ಅಧ್ಯಾಯ."

ಅವಳ ಬಳಿ ಅಂಥ ಒಂದು ಗೆಲಾಕ್ಸಿ ಇತ್ತು. ಪರದೆಯ ಮೇಲೆ ತೋರಿಸಿದಳು, ಅಂಚು ಸವೆದ ಉದ್ದಿನವಡೆಯ ಹಾಗಿತ್ತು. ಅವಗೆಂಪಿನಲ್ಲಿ ಅದು ಧಗಧಗ ಎನ್ನುತ್ತದಂತೆ. ಎಕ್ಸ್-ರೇಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ, ನಾಲ್ಕಾರು ಚುಕ್ಕಿ. ಶಾಖ ಇದೆ, ಎಕ್ಸ್-ರೇ ಇಲ್ಲ, ಅಂದರೆ ಒಳಗಿನದು ಎಕ್ಸ್-ರೇ ಕೂಡ ತೂರದಷ್ಟು ಆಳದಲ್ಲಿ ಅಡಗಿದೆ ಎಂಬುದು ಅವಳ ವಾದ. ನನಗೆ ಒಪ್ಪಿಗೆಯಾಯಿತು. ನನ್ನ ಒಪ್ಪಿಗೆಯಿಂದ ಯಾರಿಗೂ ಪದವಿ ಸಿಗುವುದಿಲ್ಲ, ಆ ಮಾತು ಬೇರೆ.

ಭಾವನವರು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಅವರು ಕೇಳಿಸಿಕೊಳ್ಳುವ ಅಗತ್ಯವಿರಲಿಲ್ಲ.

"ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿದ್ದೀಯಾ?"

"ಇಲ್ಲಪ್ಪ. ಎಕ್ಸ್-ರೇ ನಮ್ಮ ಗಾಳಿ ದಾಟಿ ಕೆಳಗೆ ಬರಲ್ಲ. ಆ ದೂರದರ್ಶಕಗಳೆಲ್ಲ ಬಾಹ್ಯಾಕಾಶದಲ್ಲಿವೆ. ನಮಗೆ ದತ್ತಾಂಶ ಬರುತ್ತೆ."

"ಅಂದ್ರೆ, ನೀನು ನೋಡಿಲ್ಲದ ದುರ್ಬೀನಿನಿಂದ, ಕಣ್ಣಿಗೆ ಕಾಣದ ಬೆಳಕಲ್ಲಿ, ಇಲ್ಲದಿರೋ ವಸ್ತು ನೋಡ್ತೀಯ."

ಈ ವಾಕ್ಯ ಅವರಿಗೆ ಎಷ್ಟು ಹಿಡಿಸಿತೆಂದರೆ, ಅಂದಿನಿಂದ ಬಂದವರಿಗೆಲ್ಲ ಅದನ್ನೇ ಬಡಿಸತೊಡಗಿದರು. ಹಾಲಿನವನಿಗೂ ಆಯಿತು. ಪೇಪರ್ ಬಿಲ್ಲಿಗೆ ಬಂದವನಿಗೂ ಆಯಿತು. ಮಾಂಬಳ್ಳಿಯಿಂದ ಬಂದ ಹಳೆಯ ಶಿಷ್ಯರೊಬ್ಬರು ಹೊಟ್ಟೆ ಹಿಡಿದು ನಕ್ಕು, "ಸರ್, ನಿಮ್ಮ ಹ್ಯೂಮರ್ ಹಂಗೇ ಅದೆ ಸರ್" ಎಂದರು. ಹುಡುಗಿ ಒಳಗಿನ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಬಾಗಿಲು ಮುಂದಕ್ಕೆ ಎಳೆದು ಬರುತ್ತಿದ್ದೆ. ನಮ್ಮ ಮನೆಯ ಬಾಗಿಲುಗಳು ಶಬ್ದ ತಡೆಯುವಂಥವಲ್ಲ.

ನಗುವಿನ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ಹೊಸದಾಗಿ ಶುರುವಾಗುತ್ತಿದ್ದ ಒಂದು ಖಾಸಗಿ ಪಿಯು ಕಾಲೇಜಿನ ಸಮಿತಿಯಲ್ಲಿ ಭಾವನವರು ಇದ್ದರು. ಫಿಸಿಕ್ಸ್ ಮೇಡಂ ಬೇಕಾಗಿತ್ತು, ಇವರು ಮಾತು ಕೊಟ್ಟುಬಿಟ್ಟಿದ್ದರು. ಮಗಳ ಪರವಾಗಿ ಮಾತು ಕೊಡುವಾಗ ಮಗಳನ್ನು ಕೇಳುವ ಪದ್ಧತಿ ನಮ್ಮ ಗಂಡನ ಮನೆಯಲ್ಲಿ ಇಲ್ಲ. ಕೆಲಸಕ್ಕೆ ಸೇರಿದರೆ ಥೀಸಿಸ್ ಅಲ್ಲಿಗೇ ನಿಂತಂತೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ನೋಡು, ನಾನೇನು ಅನ್ಯಾಯದ ಮನುಷ್ಯ ಅಲ್ಲ," ಎಂದರು ಒಂದು ಮಧ್ಯಾಹ್ನ, ಮೊಸರನ್ನ ಕಲಸುತ್ತ. "ಕೇಳಿದಾಗಲೆಲ್ಲ ಇರಬಹುದು, ಸಾಧ್ಯತೆ ಇದೆ, ಇನ್ನೂ ನೋಡಬೇಕು ಅಂತೀಯ. ಇದೆಂಥ ವಿಜ್ಞಾನ? ನಿಮ್ಮಮ್ಮ ಹನೂರಿಂದ ಬರೋದ್ರೊಳಗೆ ಆ ಗೆಲಾಕ್ಸಿಯಲ್ಲಿ ನಿನ್ನ ಸಕ್ರಿಯ ಕೇಂದ್ರ ಇದೆಯೋ ಇಲ್ವೋ, ಒಂದು ಮಾತಲ್ಲಿ ಹೇಳು. ಹೇಳಿದ್ರೆ ನಿನ್ನ ಇಷ್ಟ, ಓದ್ಕೋ. ಹೇಳಕ್ಕಾಗಲಿಲ್ಲ, ಇಂಟರ್‌ವ್ಯೂಗೆ ಬಾ."

"ಆಯ್ತಪ್ಪ," ಎಂದಳು ಹುಡುಗಿ. ಸುಸ್ತಾಗಿತ್ತು ಅವಳಿಗೆ. ನಮ್ಮವರು ತಟ್ಟೆಯಿಂದ ತಲೆ ಎತ್ತಿ ಅಣ್ಣನನ್ನು ನೋಡಿ, ಮತ್ತೆ ತಟ್ಟೆ ನೋಡಿದರು. ನಮ್ಮವರ ಪ್ರತಿಭಟನೆ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ನಾನೂ ಬಾಯಿ ತೆರೆಯಲಿಲ್ಲ. ದೊಡ್ಡವರು ಮಾತಾಡುವಾಗ ಮಧ್ಯೆ ಮಾತಾಡಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಬಹಳ ಮುತುವರ್ಜಿಯಿಂದ ಕಲಿಸಿದ್ದರು. ದೊಡ್ಡವರೆಂದರೆ ಯಾರು ಎಂದು ಕಲಿಸಿರಲಿಲ್ಲ.

ಇನ್ನು ಗೋಡೆಯ ವಿಷಯ.

ನಮ್ಮ ನಡುಮನೆಯ ಪಡುವಣ ಗೋಡೆಗೆ ಕಿಟಕಿ ಇಲ್ಲ. ಮೊದಲು ಇತ್ತಂತೆ. ಗೋಡೆಯ ಆಚೆ ರೇಷ್ಮೆ ನೂಲು ಬಿಚ್ಚುವವರ ಮನೆ. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುತ್ತಾರೆ, ಹುಳು ಬೆಂದ ವಾಸನೆ ಬರುತ್ತದೆ. ತೀರಿಹೋದ ನಮ್ಮ ಮಾವನವರಿಗೆ ಆ ವಾಸನೆ ಆಗುತ್ತಿರಲಿಲ್ಲ, ಆ ಮನೆಯವರ ಜೊತೆ ಹೋಗಿಬರುವುದೂ ಆಗುತ್ತಿರಲಿಲ್ಲ. ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚಿಸಿ, ಸುಣ್ಣ ಹೊಡೆಸಿ, ಮೇಲೆ ದೇವರ ಪಟಗಳನ್ನು ತೂಗುಹಾಕಿಸಿದರು. ಹಬ್ಬ ಬಂದರೆ ಅತ್ತೆಯವರ ಕಾಲದಿಂದ ಹಿಡಿದು ಎಲ್ಲರಿಗೂ ರೇಷ್ಮೆ ಸೀರೆಯೇ ಬೇಕು. ಅದು ಮಿಂದು ಬಂದ ನೀರಿನ ವಾಸನೆ ಮಾತ್ರ ಬೇಡ. ಭಾವನವರೂ ಆ ಗೋಡೆಯ ಆಚೆ ಒಂದು ಮನೆ ಇದೆ ಎಂಬಂತೆ ಎಂದೂ ನಡೆದುಕೊಂಡವರಲ್ಲ. ಆ ಮನೆಯ ಹೆಂಗಸು ತರಕಾರಿ ಗಾಡಿಯ ಹತ್ತಿರ ಸಿಕ್ಕರೆ ನಾನು ಮಾತಾಡುತ್ತೇನೆ. ಈ ನೆಂಟರ ಅಡುಗೆಯ ಗಡಿಬಿಡಿಯಲ್ಲಿ ಅದೂ ನಿಂತಿತ್ತು.

ಒಂದು ಬೆಳಿಗ್ಗೆ ಭಾವನವರು ಅಂಗಿ ತಗಲಿಸಲು ಗೂಟಕ್ಕೆ ಕೈ ಹಾಕಿದವರು ಹಾಗೇ ನಿಂತರು. ಅಂಗೈಯನ್ನು ಗೋಡೆಗೆ ಒತ್ತಿದರು. ಕೆನ್ನೆಯನ್ನೂ ಒತ್ತಿದರು.

"ಗೋಡೆ ಬಿಸಿ ಇದೆ."

ನಾನೂ ಮುಟ್ಟಿದೆ. ಬೆಚ್ಚಗಿತ್ತು, ಸುಳ್ಳಲ್ಲ. ಒಂದು ಮೊಳದಾಚೆ ಸ್ವಿಚ್ ಬೋರ್ಡ್ ಇತ್ತು, ಫ್ಯಾನಿನ ರೆಗ್ಯುಲೇಟರ್ ಗುಂಯ್ ಎನ್ನುತ್ತಿತ್ತು. ಅದು ವರ್ಷಗಳಿಂದ ಗುಂಯ್ ಎನ್ನುತ್ತದೆ, ಆದರೆ ಭಾವನವರು ಅದನ್ನು ಕೇಳಿದ್ದು ಆವತ್ತೇ ಮೊದಲು.

"ಒಳಗಡೆ ವೈರ್ ಸುಡ್ತಾ ಇದೆ," ಎಂದು ತೀರ್ಪು ಕೊಟ್ಟರು. "ಹೊರಗೆ ಏನೂ ಕಾಣಲ್ಲ. ಶಾಖ ಮಾತ್ರ ತಿಳಿಯುತ್ತೆ."

ಹುಡುಗಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನೋಡಿದಳು. ನನಗೆ ನಗು ಬಂತು, ಸೆರಗು ಬಾಯಿಗೆ ಇಟ್ಟುಕೊಂಡೆ. ಮಗಳ ಯಾವ ಮಾತಿಗೆ ಒಂದು ವಾರದಿಂದ ಊರನ್ನೆಲ್ಲ ನಗಿಸಿದ್ದರೋ ಅದನ್ನೇ ತಾವು ಆಡಿದ್ದು ಅವರಿಗೆ ತಿಳಿಯಲೇ ಇಲ್ಲ.

ಮೇನ್ ಸ್ವಿಚ್ ಆರಿಸಿದರು. ಮಧ್ಯಾಹ್ನದವರೆಗೆ ಮಿಕ್ಸಿ ಇಲ್ಲ, ನಾನು ಚಟ್ನಿಯನ್ನು ಕಲ್ಲಿನಲ್ಲಿ ಅರೆದೆ. ಮಧ್ಯಾಹ್ನ ಗೋಡೆ ಮುಟ್ಟಿದರೆ ಹಾಗೇ ಬಿಸಿ.

"ಕರೆಂಟ್ ಇಲ್ಲದಿದ್ದರೂ ಬಿಸಿ ಇದೆಯಲ್ಲ ಅಣ್ಣ," ಎಂದರು ನಮ್ಮವರು, ಬಹಳ ಧೈರ್ಯ ಮಾಡಿ.

"ಅದಕ್ಕೇ ಹೇಳೋದು. ಅಷ್ಟು ಆಳಕ್ಕೆ ಇಳಿದುಬಿಟ್ಟಿದೆ ಶಾಖ. ಆರಕ್ಕೆ ಟೈಮ್ ಬೇಕು."

ಮೇನ್ ಹಾಕಿದಾಗ ಬಿಸಿಯಿದ್ದರೆ ವೈರ್ ಸುಡುತ್ತಿದೆ. ಮೇನ್ ಆರಿಸಿದಾಗಲೂ ಬಿಸಿಯಿದ್ದರೆ ವೈರ್ ಇನ್ನೂ ಜೋರಾಗಿ ಸುಟ್ಟಿದೆ. ಇಂಥ ಗಟ್ಟಿ ಸಿದ್ಧಾಂತವನ್ನು ಅಲುಗಿಸುವುದು ಯಾರಿಂದ ಸಾಧ್ಯ?

ಎಲೆಕ್ಟ್ರಿಷಿಯನ್ ಬಂದ. ಅವನೂ ಗೋಡೆಗೆ ಕೈಯಿಟ್ಟ, ಕಣ್ಣು ಮುಚ್ಚಿಕೊಂಡ, ನಾಡಿ ಹಿಡಿದ ಪಂಡಿತನ ಹಾಗೆ.

"ವಳ್ಗೆ ವೈರು ಬೆಂದೋಗದೆ ಸಾ. ಗ್ಯಾರಂಟಿ. ಒಡ್ದ್‌ಬುಡ್ಮ."

"ಒಡಿ," ಎಂದರು ಭಾವನವರು.

ನಾನು ದೇವರ ಪಟಗಳನ್ನು ಒಂದೊಂದೇ ಇಳಿಸಿ ಮಂಚದ ಮೇಲೆ ಮಲಗಿಸಿದೆ. ಪಟಗಳ ಹಿಂದೆ ಹಲ್ಲಿಮೊಟ್ಟೆಯ ಸಿಪ್ಪೆಗಳಿದ್ದವು. ಉಳಿ ಬಿದ್ದ ಜಾಗ ಹಳೆಯ ಕಿಟಕಿಯದೇ ಎಂದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ಮಣ್ಣಿನಲ್ಲಿ ಕೂರಿಸಿದ್ದ ಇಟ್ಟಿಗೆಗಳು ಎರಡು ಏಟಿಗೆ ಸಡಿಲಿದವು, ಮೂರನೆಯದಕ್ಕೆ ಒಂದು ಇಡೀ ಇಟ್ಟಿಗೆ ಆ ಕಡೆಗೆ ಬಿತ್ತು. ಡಬ್ ಎಂದು ನೀರಿಗೆ ಬಿದ್ದ ಸದ್ದು. ಅದರ ಹಿಂದೆಯೇ ಬಿಳಿ ಹಬೆ ಬುಸ್ಸೆಂದು ನಮ್ಮ ನಡುಮನೆಗೆ ನುಗ್ಗಿತು. ಎರಡು ತಲೆಮಾರು ತಡೆದಿದ್ದ ವಾಸನೆ ಒಂದೇ ಉಸಿರಿಗೆ ಒಳಗೆ ಬಂತು.

"ಯಾವನ್ಲಾ ಅವ್ನು ಗ್ವಾಡೆ ಒಡೀತಿರೋನು?"

ರಂಧ್ರದಲ್ಲಿ ಪಕ್ಕದ ಮನೆಯ ಹೆಂಗಸಿನ ಒಂದು ಕಣ್ಣು, ಅರ್ಧ ಮೂಗು, ಮೂಗಿನ ಬೊಟ್ಟು ಕಾಣಿಸಿತು. ನನ್ನನ್ನು ನೋಡಿ ದನಿ ಇಳಿಸಿದಳು. "ಅಯ್ಯೋ ನೀವಾ ಅಕ್ಕಾ? ಗೂಡು ಬೇಯೋ ನೀರ್ಗೆ ಇಟ್ಟಿಗೆ ಕೆಡುವ್ಬುಟ್ರಲ್ಲ!"

"ಗೋಡೆ ಬಿಸಿಯಿತ್ತು ಕಣಮ್ಮ," ಎಂದೆ. ಇದಕ್ಕಿಂತ ಪೆದ್ದಾದ ಉತ್ತರ ನನಗೆ ಹೊಳೆಯಲಿಲ್ಲ.

"ಬಿಸಿ ಇರ್ದೆ ಇನ್ನೇನ್ ತಣ್ಗಿರ್ತದಾ? ಆ ಕಡೆ ಸೂರು ಸೋರ್ತದೆ ಅಂತ ನಮ್ ವಲೆಯ ಈ ಗ್ವಾಡೆ ಮಗ್ಗುಲ್ಗೆ ತಂದ್ ಆಕಂಡ್ವಿ. ಮೊನ್ನೆಯಿಂದ ಇಲ್ಲೇ ಉರೀತಾ ಅದೆ." ಅಷ್ಟರಲ್ಲಿ ಅವಳ ಕಣ್ಣಿಗೆ ಭಾವನವರು ಬಿದ್ದರು. "ಏನ್ ಸಾ, ನಮ್ ವಲೆ ನೋಡ್ಬೇಕಿದ್ರೆ ಬಾಗ್ಲಲ್ಲೇ ಬರ್ಬೋದಿತ್ತಲ್ಲ ಸಾ. ಗ್ವಾಡೆ ಒಡ್ಕಂಡೇ ಬರ್ಬೇಕಿತ್ತಾ?"

ಎಲೆಕ್ಟ್ರಿಷಿಯನ್ ಉಳಿಯನ್ನು ಚೀಲಕ್ಕೆ ಹಾಕಿಕೊಂಡು, "ಅಲ್ಲಾ ಸಾ, ನಂಗೆ ಆಗ್ಲೇ ಡೌಟಿತ್ತು" ಎಂದ. ಭಾವನವರು ಕನ್ನಡಕ ತೆಗೆದು ಹಬೆ ಒರೆಸಿದರು. ಒರೆಸಿ, ಹಾಕಿಕೊಂಡು, ಹೇಳಿದರು: "ಹೇಗಿದ್ದರೂ ಈ ವೈರಿಂಗ್ ಹಳೇದು. ಒಂದಲ್ಲ ಒಂದಿನ ಸುಡೋದೇ."

ಪಾಪ ಎನಿಸಬೇಕಿತ್ತು. ಎನಿಸಲಿಲ್ಲ.

ಆ ಗಲಾಟೆಯಲ್ಲಿ ಹುಡುಗಿಯನ್ನು ಯಾರೂ ಗಮನಿಸಲಿಲ್ಲ. ನಾನು ಪೊರಕೆ ತರಲು ಒಳಗೆ ಹೋದಾಗ ಅವಳು ಲ್ಯಾಪ್‌ಟಾಪಿನ ಮುಂದೆ ಬಾಯಿ ಬಿಗಿಹಿಡಿದು ಕೂತಿದ್ದಳು. ಅದೇ ಉದ್ದಿನವಡೆ ಪರದೆಯ ಮೇಲೆ.

"ಚಿಕ್ಕಮ್ಮ, ಇಲ್ನೋಡು." ವಡೆಯ ಪಕ್ಕದಲ್ಲಿ ಎಣ್ಣೆ ಬೆರಳು ತಗುಲಿದಂಥ ಒಂದು ಮಸಕು ಕಲೆ ಇತ್ತು. "ಇದೂ ಒಂದು ಗೆಲಾಕ್ಸಿ. ಚಿಕ್ಕದು, ಪಕ್ಕದ್ದು. ಇದನ್ನ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವಗೆಂಪಿನ ದೂರದರ್ಶಕದ ದೃಷ್ಟಿ ಮಂದ. ನೀನು ಕನ್ನಡಕ ತೆಗೆದು ದೀಪ ನೋಡಿದ ಹಾಗೆ, ಹತ್ತಿರದ ಎರಡು ದೀಪ ಅದಕ್ಕೆ ಒಂದೇ. ಶಾಖ ದೊಡ್ಡದರದ್ದೇ ಅಂತ ನಾನೇ ಅಂದುಕೊಂಡೆ."

"ಅಲ್ವಾ?"

"ಎಕ್ಸ್-ರೇ ದೂರದರ್ಶಕದ ಕಣ್ಣು ಚುರುಕು." ಆ ನಾಲ್ಕಾರು ಚುಕ್ಕಿಗಳನ್ನು ಮೇಲೆ ತಂದು ಕೂರಿಸಿದಳು. ಅವು ವಡೆಯ ನಡುವೆ ಬೀಳಲಿಲ್ಲ. ಕಲೆಯ ಮೇಲೆ ಬಿದ್ದವು. "ಇವು ಮೊದಲಿಂದ ಇಲ್ಲೇ ಇದ್ದವು. ಸ್ವಲ್ಪ ಪಕ್ಕಕ್ಕೆ ಸರಿದಿವೆ, ಯಂತ್ರದ ತಪ್ಪಿರಬೇಕು ಅಂತ ಬಿಟ್ಟಿದ್ದೆ. ಎಕ್ಸ್-ರೇ ಸಿಗದೇ ಇದ್ದಿದ್ದಕ್ಕೆ ಇನ್ನೂ ಆಳದಲ್ಲಿ ಅಡಗಿದೆ ಅಂದೆ. ಅಪ್ಪ ಮೇನ್ ಆರಿಸಿದ ಮೇಲೆ ಅಂದ್ರಲ್ಲ, ಹಾಗೇ."

ಅವಳ ಮುಖ ಬಿಳಿಚಿತ್ತು. ಎರಡು ವರ್ಷದ ಕೆಲಸ ಕಣ್ಣೆದುರು ಪಕ್ಕದ ಮನೆಗೆ ಹೋಗುತ್ತಿತ್ತು. ನಾನು ಪೊರಕೆ ಹಿಡಿದುಕೊಂಡೇ ನಿಂತಿದ್ದೆ. ಸಮಾಧಾನ ಹೇಳಲು ನನಗೆ ಗೊತ್ತಿದ್ದ ಮಾತುಗಳು ಮದುವೆ ಮುರಿದಾಗ, ಮಾರ್ಕ್ಸ್ ಕಡಿಮೆಯಾದಾಗ ಹೇಳುವಂಥವು. ಇದಕ್ಕೆ ಹೊಂದುವಂಥದು ಇರಲಿಲ್ಲ. ಕಾಫಿ ಮಾಡಿಕೊಟ್ಟೆ.

ಅವಳು ಗೈಡ್‌ಗೆ ಫೋನ್ ಮಾಡಿದಳು. ಬೇರೆ ಯಾರೋ ಬೇರೆ ಯಾವುದಕ್ಕೋ ತೆಗೆದಿದ್ದ, ಹೆಚ್ಚು ಸ್ಪಷ್ಟವಾದ ಅವಗೆಂಪು ಚಿತ್ರವೊಂದು ಆಕಾಶದ ಅದೇ ಮೂಲೆಯದು ಸಿಕ್ಕಿತಂತೆ. ಅದನ್ನಿಟ್ಟುಕೊಂಡು ಮೂರು ನಾಲ್ಕು ದಿನ ಕೂತಳು. ಗೋಡೆಯ ರಂಧ್ರಕ್ಕೆ ನಾನು ಗೋಣಿತಾಟು ತುರುಕಿದ್ದೆ. ಆಚೆಯಿಂದ ಚರಕದ ಗಿರಗಿರ, ಹೆಂಗಸರ ಮಾತು ಕೇಳುತ್ತಿತ್ತು. "ಅಕ್ಕಾ, ನಿಮ್ ಸಾರಿನ್ ಗಮ್ಲು ಬತ್ತಾ ಅದೆ, ಏನ್ ಸಾರು?" ಎಂದು ಒಂದು ದಿನ ಗೋಣಿತಾಟು ಕೇಳಿತು. ಹಿತಕವರೆ ಎಂದೆ. ಒಂದು ಬಟ್ಟಲು ಆ ಕಡೆ ಹೋಯಿತು. ಬಾಗಿಲಿನ ಮೂಲಕವೇ.

ಹನೂರಿನಿಂದ ಅಕ್ಕ ಬಂದ ದಿನ ಎಲ್ಲರೂ ಊಟಕ್ಕೆ ಕೂತಿದ್ದೆವು. ಭಾವನವರು ಹಪ್ಪಳ ಮುರಿದು, ಎಲ್ಲರಿಗೂ ಕೇಳುವಂತೆ, "ಸರಿ. ಇದೆಯೋ, ಇಲ್ವೋ?" ಎಂದರು. ಇರಬಹುದು ಎನ್ನುತ್ತಾಳೆಂದು ಅವರು ಆಗಲೇ ಅರ್ಧ ನಕ್ಕಾಗಿತ್ತು.

"ಇಲ್ಲ," ಎಂದಳು ಹುಡುಗಿ.

"ಏನು?"

"ಆ ಗೆಲಾಕ್ಸಿಯಲ್ಲಿ ಸಕ್ರಿಯ ಕೇಂದ್ರ ಇಲ್ಲಪ್ಪ. ನಾನು ಹೇಳಿದ್ದು ತಪ್ಪು. ಶಾಖ ಅದರದ್ದಲ್ಲ, ಪಕ್ಕದ ಚಿಕ್ಕದರದ್ದು. ಅಲ್ಲಿರೋ ಹಾಗೆ ಕಾಣುತ್ತೆ, ಅದನ್ನ ಗಟ್ಟಿ ಮಾಡಕ್ಕೆ ಇನ್ನೊಂದು ವರ್ಷ ಬೇಕು. ಆದ್ರೆ ನೀವು ಕೇಳಿದ್ದು ದೊಡ್ಡದರ ಬಗ್ಗೆ. ಅದರಲ್ಲಿ ಇಲ್ಲ."

ಭಾವನವರ ಮುಖ ಅರಳಿತು. "ನೋಡಿದ್ರಾ? ನಾನು ಮೊದಲಿಂದ ಹೇಳ್ಲಿಲ್ವಾ ಇಲ್ಲ ಅಂತ? ಎರಡು ವರ್ಷ ದಂಡ. ಇನ್ನೇನು, ಸೋಮವಾರ ಇಂಟರ್‌ವ್ಯೂ—"

"ಯಾಕಪ್ಪ? ಇದೆಯೋ ಇಲ್ವೋ ಒಂದು ಮಾತಲ್ಲಿ ಹೇಳು, ಹೇಳಿದ್ರೆ ನಿನ್ನಿಷ್ಟ ಅಂದ್ರಿ. ಹೇಳಿದೆ."

ಸಾರಿನ ಸೌಟು ನನ್ನ ಕೈಯಲ್ಲೇ ನಿಂತಿತು. ಭಾವನವರು ಹಪ್ಪಳದ ಚೂರನ್ನು ತಟ್ಟೆಯ ಅಂಚಿಗಿಟ್ಟರು. "ಅದು... ತಪ್ಪಾಯ್ತು ಅಂತ ಹೇಳೋದೂ ಒಂದು ಉತ್ತರವಾ?"

ಅಕ್ಕ ಗೋಣಿತಾಟು ತುರುಕಿದ ಗೋಡೆಯನ್ನೇ ನೋಡುತ್ತ ಉಣ್ಣುತ್ತಿದ್ದರು. "ನಿಮಗೆ ಅಭ್ಯಾಸ ಇಲ್ಲ ಬಿಡಿ, ಅದಕ್ಕೇ ವಿಚಿತ್ರ ಅನ್ನಿಸ್ತದೆ," ಎಂದರು. "ಮಗಾ, ಇನ್ನೊಂಚೂರು ಅನ್ನ ಹಾಕ್ಕೊ."

ನಮ್ಮವರು ಜೋರಾಗಿ ಕೆಮ್ಮಿದರು. ಕೆಮ್ಮಲ್ಲ ಅದು ಎಂದು ನನಗೆ ಗೊತ್ತು.

ಸೋಮವಾರ ಭಾವನವರು ಇಸ್ತ್ರಿ ಅಂಗಿ ಹಾಕಿಕೊಂಡು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಒಬ್ಬರೇ ಸಮಿತಿಗೆ ಹೋದರು. ಹುಡುಗಿ ಬೆಂಗಳೂರು ಬಸ್ ಹತ್ತಿದಳು. ಕುಂತೂರಿನ ಕಡೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ನಿಂತು ಬಸ್ ತಡವಾಗಿ ಹೊರಟಿತು. ಕಿಟಕಿಯಲ್ಲಿ ಕೂತು ಅವಳು ಆಗಲೇ ಹೆಬ್ಬೆರಳಿನ ಉಗುರು ಕಚ್ಚುತ್ತಿದ್ದಳು. ಮುಂದಿನ ವರ್ಷವೂ ಆ ಚಿಕ್ಕದರಲ್ಲೂ ಇಲ್ಲ ಎಂದಾಗಬಹುದು. ಆದರೆ ಅದನ್ನೂ ಅವಳು ಹೇಳುತ್ತಾಳೆ, ಅಷ್ಟು ನನಗೆ ಸಾಕು.

ಭಾವನವರು ಈಗ ಯಳಂದೂರಿನಲ್ಲಿ ಹೊಸ ಪಾಠ ಶುರುಮಾಡಿದ್ದಾರೆಂದು ಅಕ್ಕ ಫೋನಿನಲ್ಲಿ ಹೇಳಿದರು. "ದೊಡ್ಡದನ್ನ ಬಿಡು, ಪಕ್ಕದ್ದನ್ನ ನೋಡು ಅಂತ ಮಗಳಿಗೆ ನಾನೇ ಹೇಳಿದ್ದು" ಎನ್ನುತ್ತಾರಂತೆ. ಕೊಳ್ಳೇಗಾಲದ ತಮ್ಮನ ಮನೆಗೆ ಬೆಂಕಿ ಬೀಳುವುದನ್ನು ಸಮಯಕ್ಕೆ ಸರಿಯಾಗಿ ತಪ್ಪಿಸಿದ್ದೂ ಅದೇ ಪಾಠದಲ್ಲಿ ಬರುತ್ತದಂತೆ.

ರಂಧ್ರವನ್ನು ಸಿಮೆಂಟಿನಿಂದ ಮುಚ್ಚಿಸಿದೆವು. ಸುಣ್ಣ ಹೊಡೆಸಿಲ್ಲ. ದೇವರ ಪಟಗಳನ್ನು ನಾನು ಎದುರು ಗೋಡೆಗೆ ಹಾಕಿದೆ. ಆ ಬೂದುಬಣ್ಣದ ತೇಪೆಯ ಕೆಳಗೆ ಈಗ ಒಂದು ಸ್ಟೂಲ್ ಇದೆ, ಚಳಿ ಇದ್ದ ದಿನ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಗೋಡೆಗೆ ಒತ್ತಿ ಇಡುತ್ತೇನೆ. ಆಚೆ ಒಲೆ ಉರಿಯುತ್ತದೆ, ಈಚೆ ಹಿಟ್ಟು ಹುಳಿ ಬರುತ್ತದೆ. ಒಲೆ ಹಚ್ಚದ ದಿನ ಪಕ್ಕದ ಮನೆಯವಳು ಮೊದಲೇ ಕೂಗಿ ಹೇಳುತ್ತಾಳೆ, "ಅಕ್ಕಾ, ನಾಳೀಕೆ ಗೂಡಿಲ್ಲ, ಇಡ್ಲಿಗ್ ಇಕ್ಬೇಡಿ!"